ಸ್ಪ್ಯಾಮಿಗೆ ಬಿದ್ದ ಸುತ್ತೋಲೆ

ಮನೆಯ ಜಿಮೇಲಿಗೆ ಬರುವ ಕಸ ಸಾಲ, ಲಾಟರಿ, ಸೀರೆ ಸೇಲಿನದ್ದು. ವಿಶ್ವವಿದ್ಯಾಲಯದ ವಿಳಾಸಕ್ಕೆ ಬರುವುದು ಸೂಟುಬೂಟು ಹಾಕಿಕೊಂಡು ಬರುತ್ತದೆ. 'ಗ್ರೀಟಿಂಗ್ಸ್ ಆಫ್ ದಿ ಡೇ' ಎಂದು ಶುರುವಾಗಿ, ನಿಮ್ಮ ಅಮೂಲ್ಯ ಪ್ರಬಂಧವನ್ನು ನಮ್ಮ ಪ್ರತಿಷ್ಠಿತ ಜರ್ನಲ್ಲಿಗೆ ಕಳಿಸಿ ಅನ್ನುತ್ತದೆ. ಕನ್ನಡ ವಿಭಾಗದ ಮೇಡಂಗೆ ದಂತವೈದ್ಯರ ಸಮ್ಮೇಳನದ ಆಹ್ವಾನ ಬರುವುದೂ ಉಂಟು. ಇದನ್ನೆಲ್ಲ ಸಿಟ್ಟಿನಿಂದ ಸಾರಾಸಗಟಾಗಿ ಅಳಿಸಲು ಹೋದರೆ ನಿಜವಾದ ಪತ್ರವೂ ಜೊತೆಗೇ ಹೋಗುತ್ತದೆ. ಹತ್ತು ಕಸದ ಮೇಲ್ ಇನ್‌ಬಾಕ್ಸಿನಲ್ಲಿ ಕೂತರೆ ಕಿರಿಕಿರಿ ಅಷ್ಟೇ. ಪರೀಕ್ಷಾ ಶುಲ್ಕದ ಕೊನೆಯ ದಿನ ತಿಳಿಸುವ ಒಂದು ಸುತ್ತೋಲೆ ಸ್ಪ್ಯಾಮಿಗೆ ಬಿದ್ದರೆ ಕಾಲೇಜಿಗೆ ಕಾಲೇಜೇ ಪರದಾಡಬೇಕು.

ಜರ್ನಲ್ ವ್ಯಾಪಾರಿಗಳಿಗೆ ನಿಮ್ಮ ವಿಳಾಸ ಸಿಗುವುದು ನೀವು ಪ್ರಕಟಿಸಿದ ಪ್ರಬಂಧದ ಮೊದಲ ಪುಟದಲ್ಲಿ, ಇಲ್ಲವೇ ವಿಭಾಗದ ವೆಬ್ ಪುಟದಲ್ಲಿ. ಅದನ್ನು ಮುಚ್ಚಿಡಲಾಗದು. ಆದರೆ ಜಿಮೇಲ್ ಆಧಾರಿತ ಖಾತೆಯಾಗಿದ್ದರೆ, ವಿಳಾಸದಲ್ಲಿ ನಿಮ್ಮ ಹೆಸರಾದ ಮೇಲೆ ಪ್ಲಸ್ ಚಿಹ್ನೆ ಹಾಕಿ 'ಪೇಪರ್' ಎಂದು ಸೇರಿಸಿ ಕೊಡಬಹುದು. ಮೇಲ್ ಬರುವುದು ಅದೇ ಪೆಟ್ಟಿಗೆಗೆ, ಯಾವ ದಾರಿಯಿಂದ ಬಂತೆಂದು ಮಾತ್ರ ಗೊತ್ತಾಗುತ್ತದೆ. ಕೆಲವು ಜಾಲತಾಣಗಳು ಪ್ಲಸ್ ಚಿಹ್ನೆ ಒಪ್ಪುವುದಿಲ್ಲ. ಅಲ್ಲಿ ಮಾಮೂಲಿ ವಿಳಾಸವೇ ಗತಿ.

ಇಂಥ ಮೇಲುಗಳನ್ನು ತಾನಾಗಿಯೇ ಬೇರೆಡೆಗೆ ಸರಿಸುವ ಫಿಲ್ಟರ್ ಹಾಕಲು ಕಂಪ್ಯೂಟರಿನಲ್ಲೇ ಕೂರಬೇಕು, ಫೋನಿನ ಜಿಮೇಲ್ ಆ್ಯಪಿನಲ್ಲಿ ಆ ಸೌಲಭ್ಯವಿಲ್ಲ. ಹುಡುಕುವ ಪಟ್ಟಿಯ ಬಲತುದಿಯ ಗುರುತನ್ನು ಒತ್ತಿ. 'ಹ್ಯಾಸ್ ದಿ ವರ್ಡ್ಸ್' ಜಾಗದಲ್ಲಿ ಕಸದ ಮೇಲುಗಳಲ್ಲಿ ಮತ್ತೆ ಮತ್ತೆ ಕಾಣುವ ಪದಗುಚ್ಛಗಳನ್ನು ಒಂದೊಂದಾಗಿ ಜೋಡಿ ಉದ್ಧರಣ ಚಿಹ್ನೆಯೊಳಗೆ ಬರೆದು, ನಡುವೆ 'ಆರ್' (OR, ಅಂದರೆ 'ಅಥವಾ') ಎಂಬ ಇಂಗ್ಲಿಷ್ ಪದವನ್ನು ದೊಡ್ಡಕ್ಷರದಲ್ಲೇ ಹಾಕಿ. ಸಣ್ಣಕ್ಷರದಲ್ಲಿ ಹಾಕಿದರೆ ಅದೂ ಹುಡುಕುವ ಪದವಾಗಿಬಿಡುತ್ತದೆ, ಎಲ್ಲ ಪದಗಳೂ ಒಟ್ಟಿಗಿರುವ ಮೇಲನ್ನಷ್ಟೇ ಫಿಲ್ಟರ್ ಹಿಡಿಯುತ್ತದೆ. ಆಮೇಲೆ 'ಸ್ಕಿಪ್ ದಿ ಇನ್‌ಬಾಕ್ಸ್' ಮತ್ತು 'ಅಪ್ಲೈ ದಿ ಲೇಬಲ್'ಗೆ ಟಿಕ್ ಮಾಡಿ. 'ಡಿಲೀಟ್'ಗೆ ಮಾತ್ರ ಬೇಡ. 'ಮ್ಯಾನುಸ್ಕ್ರಿಪ್ಟ್', 'ಸ್ಪೆಷಲ್ ಇಶ್ಯೂ' ಎಂಬಂಥ ಪದಗಳನ್ನು ಒಂಟಿಯಾಗಿ ಹಾಕುವುದೂ ಬೇಡ. ನಿಜವಾದ ಸಂಪಾದಕರು ಪ್ರಬಂಧ ಪರಿಶೀಲಿಸಿಕೊಡಿ ಎಂದು ಕೇಳುವಾಗಲೂ ಅದೇ ಪದ ಬಳಸುತ್ತಾರೆ. ಲೇಬಲ್ಲಿನ ಮೇಲೆ ವಾರಕ್ಕೊಮ್ಮೆ ಕಣ್ಣಾಡಿಸಿದರೆ ಸಾಕು. ಅಂದಹಾಗೆ, 'ಯುಜಿಸಿ ಕೇರ್ ಪಟ್ಟಿಯಲ್ಲಿದ್ದೇವೆ' (ವಿಶ್ವವಿದ್ಯಾಲಯ ಅನುದಾನ ಆಯೋಗ ಒಪ್ಪಿದ ಜರ್ನಲ್ಲುಗಳ ಪಟ್ಟಿ) ಎಂದು ಈಗಲೂ ಎದೆ ತಟ್ಟಿಕೊಳ್ಳುವ ಮೇಲ್ ಬಂದರೆ, ಆ ಪಟ್ಟಿಯನ್ನು ಯುಜಿಸಿಯೇ 2025ರ ಫೆಬ್ರವರಿಯಲ್ಲಿ ಕೈಬಿಟ್ಟಿದೆ ಎಂಬುದು ನೆನಪಿರಲಿ.

ಅನ್‌ಸಬ್‌ಸ್ಕ್ರೈಬ್ ವಿಷಯದಲ್ಲಿ ಎಲ್ಲರೂ ಉಲ್ಟಾ ಮಾಡುತ್ತಾರೆ. ಗುರುತು ಪರಿಚಯವಿಲ್ಲದವರ ಮೇಲಿನೊಳಗಿನ ಕೊಂಡಿ ಒತ್ತಿದರೆ 'ಈ ವಿಳಾಸದಲ್ಲಿ ಜನ ಇದ್ದಾರೆ' ಎಂದು ನಾವೇ ಹೇಳಿದಂತೆ. ಅವರಿಗೆ 'ರಿಪೋರ್ಟ್ ಸ್ಪ್ಯಾಮ್' ಸರಿ. ನೀವೇ ಖಾತೆ ತೆರೆದ ಪ್ರಕಾಶಕರ ಜಾಹೀರಾತು ಸಾಕಾಗಿದ್ದರೆ ಅನ್‌ಸಬ್‌ಸ್ಕ್ರೈಬ್ ಮಾಡಿ. ಅವರನ್ನೂ ಸ್ಪ್ಯಾಮ್ ಎಂದು ಗುರುತಿಸಿದರೆ, ನಿಮ್ಮ ಪ್ರಬಂಧ ಸ್ವೀಕೃತವಾಗಿದೆ ಎಂದು ಅದೇ ವಿಳಾಸದಿಂದ ಬರುವ ಪತ್ರವೂ ಅಲ್ಲಿಗೇ ಹೋಗಿ ಬೀಳಬಹುದು. ಸ್ಪ್ಯಾಮಿನಲ್ಲಿದ್ದದ್ದನ್ನು ಜಿಮೇಲ್ 30 ದಿನಕ್ಕೆ ಅಳಿಸುತ್ತದೆ. ಮಾಮೂಲಿ ಹುಡುಕಾಟಕ್ಕೆ ಅದು ಸಿಗುವುದೂ ಇಲ್ಲ. ಹುಡುಕುವ ಪದದ ಹಿಂದೆ 'ಇನ್', ಕೋಲನ್, 'ಎನಿವೇರ್' ಎಂದು ಜಾಗ ಬಿಡದೆ ಟೈಪಿಸಬೇಕು.

ಇನ್ನು ಪಾಸ್‌ವರ್ಡನ್ನೋ ದುಡ್ಡನ್ನೋ ಕದಿಯುವ ಮೇಲುಗಳು. 'ಮೇಲ್‌ಬಾಕ್ಸ್ ತುಂಬಿದೆ, 24 ಗಂಟೆಯಲ್ಲಿ ಖಾತೆ ಬಂದ್' ಎನ್ನುವುದು ಒಂದು ಜಾತಿ. ವಿಭಾಗದ ಮುಖ್ಯಸ್ಥರ ಹೆಸರಲ್ಲಿ 'ಮೀಟಿಂಗಿನಲ್ಲಿದ್ದೇನೆ, ಫೋನ್ ಮಾಡಬೇಡಿ, ಅರ್ಜೆಂಟಾಗಿ ಗಿಫ್ಟ್ ಕಾರ್ಡ್ ಬೇಕಿತ್ತು' ಎಂದು ಬರುವುದು ಇನ್ನೊಂದು. ಫೋನಿನಲ್ಲಿ ಹೆಸರು ಮಾತ್ರ ಕಾಣುವುದರಿಂದ ಎರಡನೆಯದಕ್ಕೆ ಜನ ಬೇಗ ಬೀಳುತ್ತಾರೆ. 'ಟು ಮಿ' ಪಕ್ಕದ ಬಾಣ ಒತ್ತಿದರೆ ಅಸಲಿ ವಿಳಾಸ ಹೊರಬೀಳುತ್ತದೆ. ಕೊಂಡಿಯಲ್ಲಿ ನೋಡಬೇಕಾದ್ದು ಶುರುವಿನ 'https://' ಬಿಟ್ಟು ಆಮೇಲೆ ಬರುವ ಮೊದಲ ಓರೆಗೆರೆಗೆ ಮುಂಚಿನ ಕೊನೆಯ ತುಂಡು: 'ಯುಜಿಸಿ ಡಾಟ್ ಗವ್ ಡಾಟ್ ಇನ್' ಎಂದಿದ್ದು ಅಲ್ಲಿಗೇ ನಿಲ್ಲದೆ 'ಡಾಟ್ ಇನ್ನೇನೋ ಡಾಟ್ ಕಾಮ್' ಎಂದು ಮುಂದುವರಿದಿದ್ದರೆ ಮಾಲೀಕ ಆ ಇನ್ನೇನೋ ಡಾಟ್ ಕಾಮ್, ಯುಜಿಸಿ ಅಲ್ಲ.

ಕಂಪ್ಯೂಟರಿನಲ್ಲಿ ಮೇಲ್ ತೆರೆದು ಮೂರು ಚುಕ್ಕಿಯ ಮೆನುವಿನಿಂದ 'ಶೋ ಒರಿಜಿನಲ್' ಆರಿಸಿದರೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ (ಮೇಲ್ ನಿಜಕ್ಕೂ ಆ ಡೊಮೇನಿನಿಂದ, ಅಂದರೆ ವಿಳಾಸದಲ್ಲಿ @ ಆದಮೇಲಿನ ಹೆಸರಿನಿಂದ, ಬಂತೇ ಎಂದು ನೋಡುವ ತಪಾಸಣೆಗಳು) ಮೂರರ ಎದುರು ಪಾಸೋ ಫೇಲೋ ಕಾಣುತ್ತದೆ. ಮೂರೂ ಪಾಸಾದ ಮಾತ್ರಕ್ಕೆ ಮೇಲನ್ನು ನಂಬಬೇಡಿ. ಕಳ್ಳ ತನ್ನದೇ ಡೊಮೇನ್ ಕೊಂಡಿದ್ದರೂ ಪಾಸೇ, ಸಹೋದ್ಯೋಗಿಯ ಖಾತೆಯೊಳಗೇ ನುಗ್ಗಿ ಕಳಿಸಿದ್ದರೂ ಪಾಸೇ.

ಪಾಸ್‌ವರ್ಡ್ ಕೊಟ್ಟೇಬಿಟ್ಟಿದ್ದರೆ ಅದನ್ನು ಬದಲಿಸುವುದು ಮೊದಲ ಕೆಲಸ, ಆದರೆ ಅಲ್ಲಿಗೆ ಮುಗಿಯಲಿಲ್ಲ. ಕಂಪ್ಯೂಟರಿನಲ್ಲಿ ಇನ್‌ಬಾಕ್ಸಿನ ಕೆಳಗೆ ಬಲಮೂಲೆಯ 'ಡೀಟೇಲ್ಸ್' ಒತ್ತಿ ಬೇರೆ ಕಡೆ ಬ್ರೌಸರಿನಲ್ಲಿ ತೆರೆದಿರುವ ಜಿಮೇಲನ್ನೆಲ್ಲ ಲಾಗ್‌ಔಟ್ ಮಾಡಿಸಿ. ನಂತರ ಸೆಟ್ಟಿಂಗ್ಸಿನಲ್ಲಿ ಫಿಲ್ಟರ್ ಮತ್ತು ಫಾರ್ವರ್ಡಿಂಗ್ ಎರಡನ್ನೂ ತೆರೆದು ನೋಡಿ. 'ನಿನ್ನ ಮೇಲಿನಿಂದ ಏನೋ ವಿಚಿತ್ರ ಬರ್ತಿದೆಯಲ್ಲ' ಎಂದು ಬರುವ ಉತ್ತರಗಳು ನಿಮ್ಮ ಕಣ್ಣಿಗೆ ಬೀಳದೆ ನೇರ ಕಸದ ಬುಟ್ಟಿಗೆ ಹೋಗುವಂತೆ ಕಳ್ಳ ಅಲ್ಲೊಂದು ಫಿಲ್ಟರ್ ಇಟ್ಟಿರಬಹುದು. ಪಾಸ್‌ವರ್ಡ್ ಬದಲಿಸಿದರೂ ಅದು ಅಳಿಯುವುದಿಲ್ಲ. ಎರಡು ಹಂತದ ಪರಿಶೀಲನೆ ಆನ್ ಮಾಡಿ, ಸಿಸ್ಟಂ ನೋಡಿಕೊಳ್ಳುವವರಿಗೆ ತಕ್ಷಣ ತಿಳಿಸಿ. ಇಂಥ ಘಟನೆಯನ್ನು ಸಂಸ್ಥೆ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ವರದಿ ಮಾಡಬೇಕೆಂದು 2022ರ ನಿರ್ದೇಶನವಿದೆ. ದುಡ್ಡು ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಸಿಸ್ಟಂನವರಿಗೆ ಒಂದು ಮಾತು. ನಮ್ಮ ಡೊಮೇನಿನ ಹೆಸರಲ್ಲಿ ಮೇಲ್ ಕಳಿಸಲು ಯಾರಿಗೆ ಅನುಮತಿ ಎಂದು ಹೇಳುವುದು ಎಸ್‌ಪಿಎಫ್ ದಾಖಲೆ. ಗೂಗಲ್‌ಗೆಂದು ಅಂಥದ್ದೊಂದು ಇರುವಾಗ, ಫಲಿತಾಂಶದ ಮೇಲ್ ಕಳಿಸುವ ಏಜೆನ್ಸಿಗೆಂದು ಇನ್ನೊಂದನ್ನು ಸೇರಿಸುವುದು ಸಾಮಾನ್ಯ ತಪ್ಪು. ಒಂದು ಡೊಮೇನಿಗೆ ಒಂದೇ ಎಸ್‌ಪಿಎಫ್. ಎರಡಾದರೆ ಎರಡೂ ಕೆಲಸಕ್ಕೆ ಬಾರವು. ಎಲ್ಲವನ್ನೂ ಒಂದೇ ಸಾಲಿಗೆ ತನ್ನಿ, ಅದನ್ನು ಪರಿಶೀಲಿಸಲು ಬೇಕಾಗುವ ಡಿಎನ್‌ಎಸ್ (ಡೊಮೇನ್‌ಗಳ ವಿವರ ಇಡುವ ವ್ಯವಸ್ಥೆ) ವಿಚಾರಣೆ 10 ದಾಟದಿರಲಿ. ತಪಾಸಣೆಯಲ್ಲಿ ಫೇಲಾದ ಮೇಲನ್ನು ಏನು ಮಾಡಬೇಕೆಂದು ಹೇಳುವ ಡಿಮಾರ್ಕನ್ನು ಮೊದಲು 'ನನ್' (none, ಏನೂ ಮಾಡಬೇಡ)ನಲ್ಲಿಟ್ಟು ಕೆಲವು ವಾರ ವರದಿ ಓದಿ, ಆಮೇಲೆ 'ಕ್ವಾರಂಟೈನ್', ಕೊನೆಗೆ 'ರಿಜೆಕ್ಟ್'. ನೇರ 'ರಿಜೆಕ್ಟ್'ಗೆ ಹಾರಿದರೆ ತಿರಸ್ಕೃತವಾಗುವುದು ನಮ್ಮದೇ ಪರೀಕ್ಷಾ ವಿಭಾಗದ ಪತ್ರ.

ಸುತ್ತೋಲೆ ಸ್ಪ್ಯಾಮಿಗೆ ಬೀಳಲು ಬಹುಪಾಲು ಕಳಿಸುವವರೇ ಕಾರಣ. ಯಾರದೋ ಖಾಸಗಿ ಜಿಮೇಲಿನಿಂದ, ಬಿಸಿಸಿಯಲ್ಲಿ ನೂರಾರು ವಿಳಾಸ, ವಿಷಯದ ಜಾಗದಲ್ಲಿ ಬರೀ 'ಅತಿ ತುರ್ತು', ಒಳಗೆ ಒಂದಕ್ಷರವಿಲ್ಲದೆ ಸ್ಕ್ಯಾನ್ ಮಾಡಿದ ಪಿಡಿಎಫ್. ಯಂತ್ರದ ಕಣ್ಣಿಗೆ ಇದಕ್ಕೂ ಕಸಕ್ಕೂ ವ್ಯತ್ಯಾಸವೇ ಇಲ್ಲ. ಉಚಿತ ಜಿಮೇಲಿಗೆ ದಿನಕ್ಕೆ 500 ಮಂದಿಯ ಮಿತಿಯೂ ಇದೆ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯ ಕಾಲೇಜುಗಳಿಗೆ ತಲುಪಬೇಕಾದ ಪತ್ರವಾದರೆ ವಿಶ್ವವಿದ್ಯಾಲಯದ ಡೊಮೇನಿನಲ್ಲೇ ಪ್ರಾಂಶುಪಾಲರ ಗ್ರೂಪ್ ಮಾಡಿ, ಅದಕ್ಕೆ ಬರೆಯುವ ಅಧಿಕಾರವನ್ನು ಇಬ್ಬರು ಮೂವರಿಗಷ್ಟೇ ಕೊಡಿ. ವಿಷಯದಲ್ಲಿ ಸುತ್ತೋಲೆ ಸಂಖ್ಯೆ, ದಿನಾಂಕ. ಮೇಲಿನೊಳಗೆ ನಾಲ್ಕು ಸಾಲಿನ ಸಾರಾಂಶ. ಹೊಳಲ್ಕೆರೆಯಲ್ಲೋ ಮೊಳಕಾಲ್ಮುರಿನಲ್ಲೋ ಇರುವ ಪ್ರಾಂಶುಪಾಲರು ಆ ಒಂದು ವಿಳಾಸಕ್ಕೆ 'ನೆವರ್ ಸೆಂಡ್ ಇಟ್ ಟು ಸ್ಪ್ಯಾಮ್' ಫಿಲ್ಟರ್ ಹಾಕಿಕೊಳ್ಳಲಿ. ಇಡೀ ಜಿಮೇಲ್ ಡಾಟ್ ಕಾಮ್‌ಗೆ ಹಾಕಿದರೆ ಬಾಗಿಲು ತೆರೆದಿಟ್ಟಂತೆ.

ಅತಿಥಿ ಉಪನ್ಯಾಸಕರ ಖಾತೆಗಳನ್ನು ಅವರು ಬಿಟ್ಟುಹೋದ ದಿನವೇ ಸಸ್ಪೆಂಡ್ ಮಾಡಿ. ಯಾರೂ ನೋಡದ ಖಾತೆಯಿಂದ ಕಸ ಹೊರಟರೆ ತಿಂಗಳಾದರೂ ತಿಳಿಯುವುದಿಲ್ಲ, ಅಷ್ಟರಲ್ಲಿ ಇಡೀ ಡೊಮೇನಿನ ಹೆಸರು ಕೆಟ್ಟಿರುತ್ತದೆ. ಡಿಲೀಟ್ ಮಾತ್ರ ಮಾಡಬೇಡಿ. ಮುಂದಿನ ವರ್ಷ ಅವರೇ ಮತ್ತೆ ಬಂದು ಹಳೆಯ ಇಂಟರ್ನಲ್ ಅಂಕಗಳ ಮೇಲ್ ಕೇಳುತ್ತಾರೆ.