ಕಿಟಕಿಯ ಪಕ್ಕದ ಕಪ್ಪು ತಗಡು

ಆರು ದಿನ ಮರಳು, ಕಲ್ಲು ಮತ್ತು ಒಣಗಿದ ಹೊಳೆಗಳ ಪಾತ್ರದ ಮೇಲೆ ಗಾಡಿ ಓಡಿಸಿ ಬಂದವನು ಸೂರ್ಯಾಸ್ತಗಳ ಬಗ್ಗೆ ಬರೆಯಬೇಕಿತ್ತು. ಸೂರ್ಯಾಸ್ತಗಳು ಚೆನ್ನಾಗಿಯೇ ಇದ್ದವು. ಆದರೆ ಹಿಂತಿರುಗಿ ಹತ್ತು ದಿನ ಕಳೆದರೂ ನನ್ನ ಕಣ್ಣೆದುರು ನಿಂತಿರುವುದು ಗಾಡಿಯ ಹಿಂಭಾಗದಲ್ಲಿ ಎಡಗಡೆಯ ಕಿಟಕಿಗೆ ಅಡ್ಡಲಾಗಿ ನಾನೇ ಬಿಗಿದಿದ್ದ ಒಂದು ಕಪ್ಪು ತಗಡು, ಮತ್ತು ಐದನೆಯ ದಿನದ ಸಂಜೆ ಅದರ ಮೇಲೆ ಖಾಲಿಯಾಗಿ ಕಂಡ, ಅಂಗೈಯಷ್ಟೂ ಇಲ್ಲದ ಒಂದು ಜಾಗ. ಹೀಗಾಗಿ ಈ ಕಥನದಲ್ಲಿ ದಾರಿಗಿಂತ ಗಾಡಿಯ ಒಳಗೇ ಹೆಚ್ಚು ಹೊತ್ತು ಕಳೆಯಬೇಕಾಗುತ್ತದೆ.

ಹಿಂದಿನ ಪ್ರವಾಸಗಳಲ್ಲಿ ನಮ್ಮ ಸಾಮಾನೆಲ್ಲ ಎರಡು ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆಗಳಲ್ಲಿ ಇರುತ್ತಿತ್ತು. ತುಂಬುವಾಗ ಎಲ್ಲವೂ ಅಚ್ಚುಕಟ್ಟು. ಮೊದಲ ಸಲ ಮುಚ್ಚಳ ತೆಗೆದು ಏನನ್ನೋ ತಡಕಾಡಿದ ಮೇಲೆ ಮಾತ್ರ ಆ ಪೆಟ್ಟಿಗೆ ಮತ್ತೆಂದೂ ಮೊದಲಿನಂತಾಗುತ್ತಿರಲಿಲ್ಲ. ಒಮ್ಮೆ ಸುರಿಯುವ ಮಳೆಯಲ್ಲಿ ಟೈರ್ ಪಂಕ್ಚರ್ ಆಗಿ ನಿಂತಾಗ, ಪಂಕ್ಚರ್ ಕಿಟ್ಟಿಗಾಗಿ ಎರಡೂ ಪೆಟ್ಟಿಗೆಗಳನ್ನು ರಸ್ತೆಯ ಮೇಲೆ ಬೋರಲು ಹಾಕಿದ್ದೆ. ಕಿಟ್ ಸಿಕ್ಕಿದ್ದು ಮುಂದಿನ ಸೀಟಿನ ಕೆಳಗೆ. ತಗಡಿನ ಯೋಚನೆ ಹುಟ್ಟಿದ್ದು ಆ ರಾತ್ರಿ, ಒದ್ದೆ ಬಟ್ಟೆಯಲ್ಲಿ ಕುಳಿತಿದ್ದಾಗ.

ಆಫ್‌ರೋಡ್ ಗಾಡಿಗಳ ಹುಚ್ಚಿರುವವರು ಇದನ್ನು ‘ಮಾಲಿ ಪ್ಯಾನೆಲ್’ ಎನ್ನುತ್ತಾರೆ. ಕನ್ನಡದ ಕಿವಿಗೆ ಮಾಲಿ ಎಂದರೆ ತೋಟಗಾರ. ಈ ಮಾಲಿ ಬಂದಿರುವುದು ಸೈನ್ಯದಿಂದ. ಅಮೆರಿಕದ ಸೈನ್ಯ 1997ರಲ್ಲಿ ಹೊರತಂದ ಹೊರೆ ಹೊರುವ ಸಲಕರಣೆಯ ಉದ್ದ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ ಈ ಪದವಾಗುತ್ತದೆ. ಸೈನಿಕನ ಚೀಲ ಮತ್ತು ಕವಚದ ಮೇಲೆ ಒಂದು ಅಂಗುಲ, ಅಂದರೆ 25 ಮಿಲಿಮೀಟರ್ ಅಗಲದ ನೈಲಾನ್ ಪಟ್ಟಿಗಳನ್ನು ಒಂದೊಂದು ಅಂಗುಲ ಬಿಟ್ಟು ಅಡ್ಡಲಾಗಿ ಇಟ್ಟು, ಪ್ರತಿ ಒಂದೂವರೆ ಅಂಗುಲಕ್ಕೆ ಒಂದು ಹೊಲಿಗೆ ಹಾಕಿರುತ್ತಾರೆ. ಅದಕ್ಕೆ ಸಿಕ್ಕಿಸುವ ಸಣ್ಣ ಚೀಲದ, ಅಂದರೆ ಪೌಚಿನ, ಬೆನ್ನಿನಲ್ಲಿಯೂ ಅದೇ ಅಳತೆಯ ಪಟ್ಟಿಗಳಿರುತ್ತವೆ. ಪೌಚಿನಿಂದ ಇಳಿಬಿದ್ದ ಬಾರನ್ನು ಒಮ್ಮೆ ಚೀಲದ ಪಟ್ಟಿಯೊಳಗೆ, ಒಮ್ಮೆ ಪೌಚಿನ ಪಟ್ಟಿಯೊಳಗೆ, ಚಾಪೆ ಹೆಣೆದಂತೆ ತೂರಿಸಿ ಕೆಳಗೆ ಗುಂಡಿ ಹಾಕಿದರೆ ಎರಡೂ ಒಂದೇ ಮೈಯಾಗುತ್ತವೆ. ಬಾರನ್ನು ಬರೀ ಚೀಲದ ಪಟ್ಟಿಗಳಲ್ಲೇ ನೇರವಾಗಿ ಇಳಿಸಿಬಿಟ್ಟರೆ ಪೌಚ್ ಮುಂದಕ್ಕೆ ಬಾಗಿ ಜೋಲಾಡುತ್ತದೆ. ನಾನು ಮೊದಲು ಹಾಗೆಯೇ ಮಾಡಿದ್ದೆ. ಗಾಡಿಯ ತಗಡಿನಲ್ಲಿ ನೈಲಾನ್ ಪಟ್ಟಿಯ ಬದಲಿಗೆ ಲೋಹದಲ್ಲಿ ಕೊರೆದ ಸೀಳುಗಳಿರುತ್ತವೆ, ಅಷ್ಟೇ ವ್ಯತ್ಯಾಸ.

ನನ್ನದು 3 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ, ಒಂದು ಮೀಟರ್ ಉದ್ದ, 40 ಸೆಂಟಿಮೀಟರ್ ಎತ್ತರ. ಸೀಳುಗಳನ್ನು ಕೊರೆಯುವ ಮುನ್ನವೇ ಅದರ ತೂಕ ಮೂರು ಕಿಲೋ ಚಿಲ್ಲರೆ. ಅದೇ ಅಳತೆಯಲ್ಲಿ 2 ಮಿಲಿಮೀಟರ್ ಉಕ್ಕು ಹಾಕಿದ್ದರೆ ಆರು ಕಿಲೋ ದಾಟುತ್ತಿತ್ತು. ಕತ್ತರಿಸಿಕೊಟ್ಟ ಕಾರ್ಯಾಗಾರದ ಹೆಸರನ್ನು ನಾನು ಹೇಳುವುದಿಲ್ಲ, ಆದರೆ ಸಿಟ್ಟು ಇನ್ನೂ ಇಳಿದಿಲ್ಲ. ಒಂದೂವರೆ ಅಂಗುಲಕ್ಕೊಂದು ಸಾಲು ಎಂದು ಚಿತ್ರ ಬರೆದು ಕೊಟ್ಟಿದ್ದರೂ ಅವರು ತಮ್ಮ ಅನುಕೂಲಕ್ಕೆ ಎರಡು ಅಂಗುಲಕ್ಕೊಂದು ಸಾಲು ಕೊರೆದಿದ್ದರು. ಇದರಿಂದ ಮೂರು ಬಾರುಗಳ ಪೌಚಿನಲ್ಲಿ ನಡುವಿನದು ಸರಿಯಾದ ಜಾಗಕ್ಕೆ ಬಂದರೆ ಅಂಚಿನ ಎರಡೂ ಲೋಹಕ್ಕೆ ಎದುರಾಗುತ್ತಿದ್ದವು. ಎರಡನೆಯ ತಪ್ಪು ಹೊರಡುವ ಮುನ್ನ ನನ್ನ ಕಣ್ಣಿಗೆ ಬೀಳಲಿಲ್ಲ.

ಅದು ಬಯಲಾದದ್ದು ಎರಡನೆಯ ದಿನ. ಮೊದಲ ದಿನದ ಡಾಂಬರು ರಸ್ತೆಯ ಬಗ್ಗೆ ಹೇಳಲು ಏನೂ ಇಲ್ಲ. ಎರಡನೆಯ ದಿನ ಬೆಳಿಗ್ಗೆಯಿಂದ ನಾವು ಹಿಡಿದ ಮಣ್ಣಿನ ದಾರಿ ಉದ್ದಕ್ಕೂ ತಗಡಿನ ಮಾಡಿನಂತೆ ಅಲೆಅಲೆಯಾಗಿತ್ತು. ಇಂಥ ಅಲೆಗಳನ್ನು ಎಬ್ಬಿಸುವುದು ಚಕ್ರಗಳೇ. ಒಂದು ವೇಗವನ್ನು ದಾಟಿದ ಚಕ್ರ ಸಣ್ಣ ಉಬ್ಬಿನ ಮೇಲೆ ಪುಟಿದು, ಬಿದ್ದಲ್ಲಿ ಗುಂಡಿ ಮಾಡಿ, ಮುಂದೆ ಇನ್ನೊಂದು ಉಬ್ಬನ್ನು ಕೂಡಿಸುತ್ತದೆ. ಆ ವೇಗಕ್ಕಿಂತ ಕಡಿಮೆಯಲ್ಲಿ ಅಲೆ ಹುಟ್ಟುವುದೇ ಇಲ್ಲವೆಂದು 2007ರಲ್ಲಿ ಭೌತವಿಜ್ಞಾನಿಗಳು ಮರಳಿನ ಮೇಲೆ ಚಕ್ರ ಉರುಳಿಸಿ ತೋರಿಸಿದ್ದಾರೆ. ನಮ್ಮ ದಾರಿಯಲ್ಲಿ ಅಲೆಯಿಂದ ಅಲೆಗೆ ಹೆಚ್ಚುಕಡಿಮೆ 70 ಸೆಂಟಿಮೀಟರ್ ಇತ್ತು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಅದರ ಮೇಲೆ ಹೋದರೆ ಗಾಡಿ ಸೆಕೆಂಡಿಗೆ 20 ಸಲ ನಡುಗುತ್ತದೆ, ಗಂಟೆಗೆ 70 ಸಾವಿರಕ್ಕೂ ಹೆಚ್ಚು ಸಲ. ಹಿಂದುಗಡೆ ತಗಡು ಮೊದಲು ಗುನುಗಿತು, ಆಮೇಲೆ ಕಟಕಟನೆ ಹಲ್ಲು ಕಡಿಯಿತು, ಮಧ್ಯಾಹ್ನದ ಹೊತ್ತಿಗೆ ಏನೋ ಧೊಪ್ಪನೆ ಬಿತ್ತು.

ಬಿದ್ದದ್ದು ಸ್ಪ್ಯಾನರುಗಳ ಪೌಚ್. ಅದರ ಒಂದು ಬಾರು ಬ್ಲೇಡಿನಿಂದ ಕೊಯ್ದಷ್ಟು ನೇರವಾಗಿ ತುಂಡಾಗಿತ್ತು; ಇನ್ನೊಂದು ಮುಕ್ಕಾಲು ಭಾಗ ಹರಿದು ನಾರುನಾರಾಗಿ ನೇತಾಡುತ್ತಿತ್ತು. ಸೀಳಿನೊಳಗೆ ಬೆರಳಾಡಿಸಿದಾಗ ಕಾರಣ ತಿಳಿಯಿತು. ಲೇಸರಿನಿಂದ ಕೊರೆದ ಅಂಚನ್ನು ಉಜ್ಜದೆ ಹಾಗೆಯೇ ಬಣ್ಣಕ್ಕೆ ಕಳಿಸಿದ್ದರು. ಪೌಡರ್ ಕೋಟಿಂಗ್ ಸಪಾಟಾದ ಮೈಮೇಲೆ ದಪ್ಪವಾಗಿ ಕೂರುತ್ತದೆ, ಚೂಪಾದ ಅಂಚಿನ ಮೇಲೆ ಮಾತ್ರ ನಿಲ್ಲುವುದಿಲ್ಲ. ಹೀಗಾಗಿ ನೋಡುವುದಕ್ಕೆ ನುಣುಪಾಗಿದ್ದ ತಗಡಿನ ಒಂದೊಂದು ಸೀಳೂ ಒಂದೊಂದು ಗರಗಸವಾಗಿತ್ತು. ಇಂಥ ತಗಡು ಮಾಡಿಸುವವರು ಬಣ್ಣಕ್ಕೆ ಕೊಡುವ ಮುನ್ನ ಪ್ರತಿ ಸೀಳಿನ ಎರಡೂ ಕಡೆ ಅರ ಆಡಿಸಿ, ಹಳೆಯ ಕಾಲುಚೀಲವೊಂದನ್ನು ತೂರಿಸಿ ಎಳೆದು ನೋಡಲಿ. ದಾರ ಸಿಕ್ಕಿಕೊಂಡರೆ ಇನ್ನೂ ಉಜ್ಜಬೇಕು. ಬೋಲ್ಟಿನ ಕೆಳಗೆ ರಬ್ಬರ್ ವಾಷರ್, ನೈಲಾನ್ ಒಳಪದರದ ನಟ್, ತಗಡು ಪ್ಲಾಸ್ಟಿಕ್ಕಿಗೆ ತಾಗುವಲ್ಲಿ ಫೋಮ್ ಪಟ್ಟಿ ಇಷ್ಟಿದ್ದರೆ ಹಲ್ಲು ಕಡಿಯುವುದೂ ನಿಲ್ಲುತ್ತದೆ. ನಾನು ಅರವನ್ನು ಒಯ್ದಿರಲಿಲ್ಲ. ಸಂಜೆ ಬಿಡಾರ ಹೂಡಿದ ಮೇಲೆ ಚಪ್ಪಟೆ ಕಲ್ಲೊಂದನ್ನು ಹಿಡಿದು, ನಾನು ಮತ್ತು ಭಾವ ಕತ್ತಲಾಗುವವರೆಗೂ ಸೀಳುಗಳನ್ನು ಉಜ್ಜಿದೆವು.

ಭಾವ ವಿಮಾನಗಳ ದುರಸ್ತಿಯಲ್ಲಿ ಮೂವತ್ತು ವರ್ಷ ಕಳೆದವರು. ಹೊರಟಾಗಿನಿಂದ ನನ್ನ ತಗಡನ್ನು ನೋಡಿಯೂ ನೋಡದವರಂತಿದ್ದವರು, ಕಲ್ಲನ್ನು ಕೆಳಗಿಟ್ಟು ಕೇಳಿದರು: “ಇದರ ಮೇಲೆ ಏನೇನಿದೆ ಅಂತ ನೋಡದೆ ಹೇಳಬಲ್ಲೆಯಾ?”

ಹನ್ನೊಂದು ಪೌಚುಗಳಿದ್ದವು. ನಾನು ಆರನ್ನು ಸರಿಯಾಗಿ ಹೇಳಿದೆ. ಉಳಿದ ಐದೂ ಒಂದೇ ಕಪ್ಪು, ಒಂದೇ ಅಳತೆ, ಒಂದೇ ಜಿಪ್. (ಈ ಕಪ್ಪು ಪೌಚುಗಳ ಮೋಹ ನನಗೀಗ ಪೂರ್ತಿ ಬಿಟ್ಟುಹೋಗಿದೆ, ಗಾಡಿಗೆ ಯುದ್ಧಕ್ಕೆ ಹೊರಟ ಗಾಂಭೀರ್ಯ ಬರುವುದನ್ನು ಬಿಟ್ಟರೆ ಅವುಗಳಿಂದ ಬೇರೆ ಲಾಭವಿಲ್ಲ.)

“ಹಾಗಾದರೆ ಪೆಟ್ಟಿಗೆಯನ್ನೇ ಗೋಡೆಗೆ ನೇತುಹಾಕಿದ್ದೀಯ ಅಷ್ಟೇ,” ಎಂದರು ಭಾವ.

“ಕೈಗೆ ಬೇಗ ಸಿಗುತ್ತದಲ್ಲ ಭಾವ?”

“ಸಿಗುವುದು ದೊಡ್ಡದಲ್ಲಯ್ಯ. ಇಲ್ಲದಿರುವುದು ಗೊತ್ತಾಗಬೇಕು. ನಮ್ಮಲ್ಲಿ ಉಪಕರಣಗಳ ಖಾನೆಯಲ್ಲಿ ಪ್ರತಿಯೊಂದಕ್ಕೂ ಅದರದೇ ಆಕಾರದಲ್ಲಿ ಫೋಮ್ ಕೊರೆದಿರುತ್ತಿತ್ತು. ಮೇಲೆ ಕಪ್ಪು, ತಳದಲ್ಲಿ ಹಳದಿ. ಸ್ಕ್ರೂಡ್ರೈವರ್ ಎತ್ತಿದರೆ ಹಳದಿ ಸ್ಕ್ರೂಡ್ರೈವರ್ ಆಕಾರ ಬಾಯಿ ತೆರೆದು ಕೂರುತ್ತಿತ್ತು. ಪಾಳಿ ಮುಗಿದಾಗ ಒಂದು ಹಳದಿ ಕಂಡರೂ ವಿಮಾನ ಹೊರಡುವ ಹಾಗಿಲ್ಲ. ಎಂಜಿನ್ನಿನ ಒಳಗೆ ಬಿಟ್ಟಿದ್ದೇವೋ, ಜೇಬಿನಲ್ಲಿದೆಯೋ, ಸಿಗುವವರೆಗೆ ಎಲ್ಲರೂ ಹುಡುಕಬೇಕು.”

“ಯಾವತ್ತಾದರೂ ಸಿಗದೆ ಹೋಗಿದ್ದಿದೆಯಾ?”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಒಂದು ಸಲ ರಾತ್ರಿಯೆಲ್ಲ ಹುಡುಕಿದೆವು. ಬೆಳಿಗ್ಗೆ ನನ್ನದೇ ಟೋಪಿಯ ಒಳಗಿತ್ತು. ಯಾರಿಗೂ ನಗು ಬರಲಿಲ್ಲ,” ಎಂದರು.

ಆಮೇಲೆ ಟಾರ್ಚ್ ಹಿಡಿದು ನನ್ನ ತಗಡನ್ನು ಬರಿದು ಮಾಡಲು ಕುಳಿತರು. ಮೊದಲು ಕೆಳಗಿಳಿದದ್ದು ಎಳೆಯುವ ಹಗ್ಗದ ಎರಡು ಉಕ್ಕಿನ ಶ್ಯಾಕಲ್‌ಗಳು, ಅಂದರೆ ದಪ್ಪ ಕೊಂಡಿಗಳು. 60 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿ ಥಟ್ಟನೆ ನಿಂತರೆ ಕಳಚಿಕೊಂಡ ವಸ್ತು 14 ಮೀಟರ್ ಎತ್ತರದಿಂದ ಬಿದ್ದಷ್ಟೇ ವೇಗದಲ್ಲಿ ಮುಂದಕ್ಕೆ ಬರುತ್ತದೆ ಎಂದು ಅವರು ಮರಳಿನ ಮೇಲೆ ಬೆರಳಿನಿಂದ ಲೆಕ್ಕ ಬಿಡಿಸಿ ತೋರಿಸಿದರು. ನಾಲ್ಕು ಮಹಡಿ ಮೇಲಿನಿಂದ ಶ್ಯಾಕಲ್ ತಲೆಗೆ ಬೀಳುವುದನ್ನು ಊಹಿಸಿಕೊಂಡ ಮೇಲೆ ನನಗೆ ವಾದ ಮಾಡಲು ಏನೂ ಉಳಿಯಲಿಲ್ಲ. ಭಾರದವೆಲ್ಲ ನೆಲದ ಮೇಲೆ, ಸೀಟಿನ ಬೆನ್ನಿಗೆ ಒತ್ತಿಕೊಂಡು ಬಿಗಿದ ಪೆಟ್ಟಿಗೆಗೆ ಹೋದವು. ಬೆಂಕಿ ಆರಿಸುವ ಸಿಲಿಂಡರ್ ಚಾಲಕನ ಸೀಟಿನ ಪಕ್ಕಕ್ಕೆ ಬಂತು. ಹಿಂಬಾಗಿಲು ತೆರೆಯಲಾಗದ ಹೊತ್ತಿನಲ್ಲೇ ಅದು ಬೇಕಾಗುವುದು ಹೆಚ್ಚು. ಅಪಘಾತವಾದಾಗ ಕಿಟಕಿಯ ಮೇಲಂಚಿನಿಂದ ಪರದೆಯಂತೆ ಇಳಿಯುವ ಏರ್‌ಬ್ಯಾಗ್ ಈ ಗಾಡಿಯಲ್ಲಿ ಎಲ್ಲಿಯವರೆಗೆ ಇದೆ ಎಂದು ಅವರು ಕೇಳಿದಾಗ, ಪುಣ್ಯಕ್ಕೆ ನನ್ನ ಬಳಿ ಉತ್ತರವಿತ್ತು: ಎರಡನೆಯ ಸಾಲಿನ ಸೀಟಿನವರೆಗೆ ಮಾತ್ರ, ತಗಡು ಇರುವುದು ಅದರ ಹಿಂದೆ. ಸೀಟ್ ಬೆಲ್ಟಿನ ಬೋಲ್ಟುಗಳನ್ನು ನಾನು ಮುಟ್ಟಿರಲಿಲ್ಲ. ಇಡೀ ಪರೀಕ್ಷೆಯಲ್ಲಿ ನನಗೆ ಅಂಕ ಸಿಕ್ಕಿದ್ದು ಈ ಎರಡಕ್ಕೆ.

ಕೊನೆಗೆ ತಗಡಿನ ಮೇಲೆ ಉಳಿದವು ಒಂಬತ್ತು ವಸ್ತುಗಳು. ಪ್ರಥಮ ಚಿಕಿತ್ಸೆಯ ಕೆಂಪು ಚೀಲವೊಂದನ್ನು ಬಿಟ್ಟರೆ ಯಾವುದಕ್ಕೂ ಜಿಪ್ ಇರಲಿಲ್ಲ. ಪಂಕ್ಚರ್ ಹಾಕುವ ದಬ್ಬಳ, ಗಾಳಿಯ ಒತ್ತಡ ನೋಡುವ ಗೇಜು, ವಾಲ್ವಿನ ಒಳಗಿನ ಮೊಳೆ ಬಿಚ್ಚುವ ಸಣ್ಣ ಉಪಕರಣ, ಚಾಕು, ಇಕ್ಕಳ, ಹಣೆಗೆ ಕಟ್ಟುವ ಟಾರ್ಚ್, ಕೈಗವಸು ಮತ್ತು ಟೇಪು ಇವುಗಳನ್ನು ರಬ್ಬರ್ ಹಿಡಿಕೆಗಳಲ್ಲಿ ಬರಿದಾಗಿಯೇ ಸಿಕ್ಕಿಸಿದೆವು. ಪ್ರತಿಯೊಂದರ ಸುತ್ತ ಭಾವ ಸೀಮೆಸುಣ್ಣದಿಂದ ಗೆರೆ ಎಳೆದರು. ಕಪ್ಪು ತಗಡಿನ ಮೇಲೆ ಬಿಳಿ ಗೆರೆಗಳು ಮಕ್ಕಳ ಚಿತ್ರಪಟದಂತೆ ಕಂಡವು. ನಿಜ ಹೇಳುವುದಾದರೆ ನನಗೆ ಸ್ವಲ್ಪ ಅವಮಾನವೇ ಆಯಿತು.

ಮೂರನೆಯ ಮತ್ತು ನಾಲ್ಕನೆಯ ದಿನಗಳು ಮರಳಿನಲ್ಲಿ ಸುಖವಾಗಿ ಕಳೆದವು.

ಐದನೆಯ ದಿನ ಇಳಿಹೊತ್ತಿನಲ್ಲಿ ನಾನೊಂದು ತಪ್ಪು ಮಾಡಿದೆ. ಮರಳಿಗಾಗಿ ಟೈರುಗಳ ಒತ್ತಡವನ್ನು 15 ಪಿಎಸ್‌ಐಗೆ ಇಳಿಸಿದ್ದೆವು. ಅಷ್ಟು ಕಡಿಮೆ ಗಾಳಿಯಲ್ಲಿ ಸ್ಟೀರಿಂಗ್ ಗಕ್ಕನೆ ತಿರುಗಿಸಬಾರದೆಂದು ಗೊತ್ತಿದ್ದೂ, ದಿಬ್ಬದ ಇಳಿಜಾರಿನಲ್ಲಿ ಪೊದೆಯೊಂದನ್ನು ತಪ್ಪಿಸಲು ತಿರುಗಿಸಿದೆ. ಮುಂದಿನ ಬಲಗಡೆಯ ಟೈರಿನ ಅಂಚು ರಿಮ್ಮಿನಿಂದ ಕಳಚಿ, ಇದ್ದ ಗಾಳಿಯೆಲ್ಲ ಒಂದೇ ಉಸಿರಿಗೆ ಹೋಯಿತು. ಮಟ್ಟಸವಾದ ಜಾಗ ಅಲ್ಲಿ ಇರಲಿಲ್ಲ. ಮರಳನ್ನು ತೋಡಿ, ಜಾಕ್ ಹೂತುಹೋಗದಂತೆ ಕೆಳಗೆ ಪ್ಲೈವುಡ್ ಹಲಗೆಯಿಟ್ಟು ಗಾಡಿಯನ್ನು ಎತ್ತಿದೆವು. ರಿಮ್ಮಿನ ಒಳಗೆ ಸೇರಿದ್ದ ಮರಳನ್ನು ಒರೆಸಿ, ಟೈರಿನ ಅಂಚಿಗೆ ಸೋಪಿನ ನೀರು ಸವರಿ, ಗಾಳಿ ರಭಸವಾಗಿ ನುಗ್ಗಲೆಂದು ವಾಲ್ವಿನ ಮೊಳೆ ಬಿಚ್ಚಿ ಕಂಪ್ರೆಸರ್ ಹಚ್ಚಿದೆ. ಮೂರನೆಯ ಪ್ರಯತ್ನದಲ್ಲಿ ಟೈರು ಪಟ್ ಪಟ್ ಎಂದು ಎರಡು ಸಲ ಸದ್ದು ಮಾಡಿ ರಿಮ್ಮಿನಲ್ಲಿ ಕೂತಿತು. ಕಂಪ್ರೆಸರಿನ ಕೊಳವೆ ತೆಗೆದು, ಗಾಳಿ ಹೊರನುಗ್ಗುತ್ತಿರುವಾಗಲೇ ಮೊಳೆಯನ್ನು ಬೆರಳಿನಿಂದ ಒಳಗೊತ್ತಿ, ಉಪಕರಣದಿಂದ ತಿರುಗಿಸಿ ಬಿಗಿದು, ಮತ್ತೆ ಗಾಳಿ ತುಂಬಿದೆ. ಅಷ್ಟು ಹೊತ್ತೂ ಭಾವ ಹಿಂದಿನಿಂದ ಒಂದೊಂದನ್ನೇ ತಂದು ಕೈಗೆ ಕೊಡುತ್ತಿದ್ದರು; ಒಮ್ಮೆಯೂ ಟಾರ್ಚ್ ಹಾಕಿ ಹುಡುಕಲಿಲ್ಲ.

ಕೆಲಸ ಮುಗಿದಾಗ ಪೂರ್ತಿ ಕತ್ತಲು. ಜಾಕ್ ಇಳಿಸಿ, ಕಂಪ್ರೆಸರ್ ಒಳಗಿಟ್ಟು, ಕೈ ತೊಳೆದು, ನಾನು ಎಂಜಿನ್ ಚಾಲೂ ಮಾಡಿದೆ. ಭಾವ ಹತ್ತಲಿಲ್ಲ. ಹಿಂಬಾಗಿಲು ತೆರೆದು ತಗಡಿಗೆ ಟಾರ್ಚ್ ಹಿಡಿದು ನಿಂತಿದ್ದರು.

“ಎಂಜಿನ್ ಆರಿಸು. ಒಂದು ಖಾಲಿ ಇದೆ,” ಎಂದರು.

ಹೋಗಿ ನೋಡಿದೆ. ಮೇಲಿನ ಸಾಲಿನಲ್ಲಿ, ಗೇಜು ಮತ್ತು ಚಾಕುವಿನ ನಡುವೆ, ಕಿರುಬೆರಳಿನಷ್ಟು ಉದ್ದದ ಸುಣ್ಣದ ಗೆರೆಯ ಒಳಗೆ ಬರೀ ಕಪ್ಪು ತಗಡು. ವಾಲ್ವಿನ ಮೊಳೆ ಬಿಚ್ಚುವ ಉಪಕರಣ ಇರಲಿಲ್ಲ. ಪೌಚಿನೊಳಗೆ ಇಟ್ಟಿದ್ದರೆ ಅದು ಕಳೆದುಹೋದದ್ದು ಮುಂದಿನ ಸಲ ಬೇಕಾದಾಗಲೇ ತಿಳಿಯುತ್ತಿತ್ತು, ಮತ್ತು ಆ ಮುಂದಿನ ಸಲ ನಾಳೆಯೇ ಆಗಬಹುದಿತ್ತು. ಇಬ್ಬರೂ ಮೊಣಕಾಲೂರಿ ಮರಳನ್ನು ಅಂಗೈಯಿಂದ ಸವರತೊಡಗಿದೆವು. ಜೇಬುಗಳನ್ನು ಹೊರಚಾಚಿದೆವು. ಭಾವ ಯಾವ ಮಾತೂ ಆಡದೆ ತಮ್ಮ ಟೋಪಿಯನ್ನು ತೆಗೆದು ಒಳಗೆ ನೋಡಿದರು. ಆಗ ನನಗೆ ನಗು ಬಂತು.

ಸಿಕ್ಕಿದ್ದು ಇಪ್ಪತ್ತು ನಿಮಿಷದ ಮೇಲೆ, ಮುಂದಿನ ಚಕ್ರದ ಪಕ್ಕದಲ್ಲಿ. ಮರಳಿನಡಿ ಅರ್ಧ ಹೂತಿದ್ದ ಗಟ್ಟಿ ಏನೋ ಒಂದು ನನ್ನ ಅಂಗೈಗೆ ತಾಗಿತು. ಕೆದಕಿದರೆ ಜಾಕ್ ಇಟ್ಟಿದ್ದ ಪ್ಲೈವುಡ್ ಹಲಗೆ. ಅದರ ಮೂಲೆಯಲ್ಲಿ, ನಾನು ಕೊನೆಯದಾಗಿ ಮೊಳೆ ಬಿಗಿದು ಇಟ್ಟಿದ್ದಲ್ಲಿಯೇ, ಉಪಕರಣ ತಣ್ಣಗೆ ಮಲಗಿತ್ತು.

ಭಾವ ಅದನ್ನು ನೋಡಲೇ ಇಲ್ಲ. ಹಲಗೆಯನ್ನು ಎತ್ತಿ, ಮರಳು ಕೊಡವಿ, “ಇದನ್ನು ಬಿಟ್ಟು ಹೋಗುತ್ತಿದ್ದೆವಲ್ಲಯ್ಯ,” ಎಂದರು. ನಿಜ. ಇಡೀ ಸಂಜೆ ಗಾಡಿಯ ಭಾರ ಹೊತ್ತದ್ದು ಆ ಹಲಗೆಯೇ. ಇನ್ನೂ ಒಂದು ದಿನದ ಮರಳು ನಮ್ಮೆದುರಿಗಿತ್ತು, ಮತ್ತು ಅದಿಲ್ಲದೆ ಜಾಕ್ ನಿಲ್ಲುತ್ತಿರಲಿಲ್ಲ. ಆದರೆ ಅದಕ್ಕೆ ಗಾಡಿಯಲ್ಲಿ ಇಂಥದ್ದೇ ಎಂಬ ಜಾಗವಿರಲಿಲ್ಲ, ಎಲ್ಲಿ ಸಂದಿಯಿದೆಯೋ ಅಲ್ಲಿ ತುರುಕುತ್ತಿದ್ದೆವು, ಹೀಗಾಗಿ ಅದು ಇಲ್ಲವೆಂದು ಹೇಳುವ ಗೆರೆಯೂ ಇರಲಿಲ್ಲ.

ಹೊರಡುವ ಮುನ್ನ ಭಾವ ಹಿಂಬಾಗಿಲಿನ ಒಳಮೈಗೆ ಹಲಗೆಯನ್ನು ಒತ್ತಿಹಿಡಿದರು. ಎರಡನೆಯ ದಿನ ತುಂಡಾಗಿದ್ದ ಪೌಚಿನ ಬಾರುಗಳಿಗೆ ಗಂಟು ಹಾಕಿ ನಾನು ಅದನ್ನು ಬಾಗಿಲಿನ ಹಿಡಿಕೆಗೆ ಬಿಗಿದೆ. ಸುತ್ತ ಗೆರೆ ಎಳೆಯೋಣವೆಂದರೆ ಸೀಮೆಸುಣ್ಣ ಸಿಗಲಿಲ್ಲ.