ಸೆಂಡೈ ತನ್ಸು ನೋಡಲು ಹೊರಟವರಿಗೆ

ಜಪಾನಿನಲ್ಲಿ ಬಟ್ಟೆ ಇಡುವ ಹಳೇ ಕಾಲದ ಮರದ ಪೆಟ್ಟಿಗೆಗಳಿಗೆ ತನ್ಸು ಅನ್ನುತ್ತಾರೆ. ಇವನ್ನು ಹತ್ತಿರದಿಂದ ನೋಡುವ ಆಸೆ ಇದ್ದರೆ ಕ್ಯೋಟೋದ ಸಂತೆಗಳಲ್ಲಷ್ಟೇ ಸುತ್ತಬೇಡಿ, ಉತ್ತರದ ಸೆಂಡೈಗೆ ಹೋಗಿ. ಟೋಕಿಯೋದಿಂದ ಹಯಾಬುಸಾ ಬುಲೆಟ್ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಟಿಕೆಟ್ 11,000 ಯೆನ್ ಆಸುಪಾಸು. ಎಲ್ಲವೂ ರಿಸರ್ವ್ ಸೀಟುಗಳೇ, ಹಾಗಾಗಿ ಮೊದಲೇ ಬುಕ್ ಮಾಡಿ.

ಸೆಂಡೈ ತನ್ಸುವಿನಲ್ಲಿ ಮೂರು ಕೈಗಳ ಕೆಲಸ ಸೇರಿರುತ್ತದೆ: ಬಡಗಿ, ಉರುಷಿ ಬಳಿಯುವವರು, ಕಬ್ಬಿಣದ ಕೆಲಸದವರು. ಮರ ಕೆಯಾಕಿ, ತುಂಬಾ ಗಟ್ಟಿ. ಉರುಷಿ ನಮ್ಮ ಚನ್ನಪಟ್ಟಣದ ಅರಗಲ್ಲ, ಅದು ಒಂದು ಮರದ ಹಾಲು. ಅದನ್ನು ತೆಳುವಾಗಿ ಮತ್ತೆ ಮತ್ತೆ ಬಳಿದು ಉಜ್ಜುತ್ತಾರೆ. ಕೆಂಪು ಕಂದು ಹೊಳಪಿನ ಕೆಳಗೆ ಮರದ ಗೆರೆಗಳು ಕಾಣುತ್ತವೆ.

ನನ್ನನ್ನು ನಿಲ್ಲಿಸಿದ್ದು ಮಾತ್ರ ಕಬ್ಬಿಣ. ತೆಳು ತಗಡನ್ನು ಉಳಿ, ಸುತ್ತಿಗೆಯಿಂದ ತಟ್ಟಿ ತಟ್ಟಿ ಡ್ರ್ಯಾಗನ್, ಸಿಂಹ, ಪಿಯೋನಿ ಹೂ ಎಬ್ಬಿಸಿರುತ್ತಾರೆ. ಎದುರಿನಿಂದ ನೋಡಿದರೆ ಅರ್ಧವೂ ಕಾಣಲ್ಲ. ಅಂಗಡಿಯವರನ್ನು ಕೇಳಿ, ಒಂದು ಸಣ್ಣ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ಸಿಂಹದ ಕೂದಲಿನ ಒಂದೊಂದು ಗೀರೂ ಎದ್ದು ಬರುತ್ತದೆ. ಬೀಗದ ಸುತ್ತಲಿನ ತಗಡು, ಮೂಲೆಗಳು, ಹಿಡಿಕೆಗಳನ್ನು ನಿಧಾನವಾಗಿ ನೋಡಿ. ನಮ್ಮ ಗುಂಪಿನಲ್ಲಿ ಕೆಲವರು ಹತ್ತು ನಿಮಿಷಕ್ಕೇ ಹೊರಟರು. ಅಷ್ಟು ಸಾಲದು ಅಲ್ವಾ?

ಹಳೆಯದನ್ನು ಕೊಳ್ಳುವ ಯೋಚನೆ ಇದ್ದರೆ ಮೊಳೆ ತೂತುಗಳನ್ನು ಹುಡುಕಿ. ಕಬ್ಬಿಣದ ಪಕ್ಕ ಖಾಲಿ ತೂತುಗಳೋ, ಬೇರೆ ಆಕಾರದ ಮಸುಕು ಗುರುತೋ ಇದ್ದರೆ ಆ ತಗಡನ್ನು ಆಮೇಲೆ ಬದಲಿಸಿರಬಹುದು. ಕೈಯಲ್ಲಿ ಮಾಡಿದ ಜೋಡಿ ಹಿಡಿಕೆಗಳು ಪೂರಾ ಒಂದೇ ಥರ ಇರುವುದಿಲ್ಲ. ಹಳೇ ಉರುಷಿ ಕೆರೆದು ಬೇರೆ ವಾರ್ನಿಶ್ ಹೊಡೆದ ಪೆಟ್ಟಿಗೆಗಳೂ ಮಾರುಕಟ್ಟೆಯಲ್ಲಿವೆ. ಹಾಗಾಗಿ ನೇರವಾಗಿ ಕೇಳಿಬಿಡಿ. ನನ್ನ ಮಟ್ಟಿಗೆ, ಸವೆದಿದ್ದರೂ ಮೂಲ ಉರುಷಿ ಇರುವುದೇ ಒಳ್ಳೆಯದು. ಮುಟ್ಟುವ ಮೊದಲು ಅನುಮತಿ ಕೇಳಿ, ಉಂಗುರ ತೆಗೆದಿಡಿ.

ಈ ಕಸುಬು ಇನ್ನೂ ನಡೆಯುತ್ತಿದೆ. 2015ರಲ್ಲಿ ಜಪಾನ್ ಸರ್ಕಾರ ಇದನ್ನು ಸಾಂಪ್ರದಾಯಿಕ ಕರಕುಶಲವೆಂದು ಗುರುತಿಸಿತು. ಸೆಂಡೈನ ಮೊನ್ಮಾಯಾ ಅನ್ನುವ ಅಂಗಡಿ 1872ರಿಂದ ತನ್ಸು ಮಾಡುತ್ತಿದೆ. ಇಂಥ ಕಡೆ ಹೋಗುವ ಮೊದಲು ಹೋಟೆಲಿನವರಿಂದ ಒಂದು ಫೋನ್ ಮಾಡಿಸಿ.

ಇನ್ನೊಂದು ದಿನ ಇದ್ದರೆ ಇವಾತೆ ಪ್ರಾಂತ್ಯಕ್ಕೆ ಹೋಗಿ ಇವಾಯಾದೋ ತನ್ಸುಗಳನ್ನೂ ನೋಡಿ. ಮಿಜುಸಾವಾ ಎಸಾಶಿ ಸ್ಟೇಷನ್ನಿನಲ್ಲಿ ಇಳಿಯಬೇಕು. ಹಯಾಬುಸಾ ರೈಲುಗಳಲ್ಲಿ ಹೆಚ್ಚಿನವು ಅಲ್ಲಿ ನಿಲ್ಲಲ್ಲ, ಯಾಮಾಬಿಕೋ ಅನ್ನುವ ಬುಲೆಟ್ ರೈಲು ನೋಡಿಕೊಳ್ಳಿ. ಜನವರಿ, ಫೆಬ್ರವರಿಯಲ್ಲಿ ಹಿಮ ಜಾಸ್ತಿ.

ಸೆಂಡೈ ತನ್ಸುವಿನ ಹೆಸರಾಂತ ಅಳತೆಯೇ ಸುಮಾರು 120 ಸೆಂಟಿಮೀಟರ್ ಅಗಲ, 90 ಎತ್ತರ. ವಿಮಾನದ ಲಗೇಜಿನಲ್ಲಿ ತರುವ ಮಾತೇ ಇಲ್ಲ, ಹಡಗಿನಲ್ಲೇ ಕಳಿಸಬೇಕು. ಸಾಗಣೆ ಖರ್ಚು, ಕಸ್ಟಮ್ಸ್ ಸುಂಕ ಎರಡನ್ನೂ ಬರಹದಲ್ಲಿ ಪಡೆದ ಮೇಲೆಯೇ ದುಡ್ಡು ಕೊಡಿ. ಪ್ಯಾಕಿಂಗಿನ ಮರಕ್ಕೆ ಹುಳ ಬಾರದಂತೆ ಶಾಖ ಕೊಟ್ಟ ಮುದ್ರೆ ಇರಬೇಕು. ಮನೆಗೆ ಬಂದ ಮೇಲೆ ಬಿಸಿಲು ಬೀಳುವ ಕಿಟಕಿ ಹತ್ತಿರ ಇಡಬೇಡಿ. ಉರುಷಿಗೆ ಬಿಸಿಲು ಆಗಲ್ಲ.