ಅಟ್ಟದಲ್ಲಿ ಕೊಟ್ಟ ಮಾತು

ಮಗಳ ಬಾಣಂತನಕ್ಕೆಂದು ಓಹಾಯೊ ರಾಜ್ಯದ ಡೇಟನ್ನಿಗೆ ಹೋಗಿ ನಾಲ್ಕು ತಿಂಗಳು ಇದ್ದು ಬಂದೆ. ಸುಮಾರು 1.37 ಲಕ್ಷ ಜನರ ಊರು. ಬೆಂಗಳೂರಿನವರ ಕಣ್ಣಿಗೆ ಅದು ಒಂದೆರಡು ಬಡಾವಣೆ ಅಷ್ಟೇ. ವಿಮಾನ ಹಾರಿಸಿದ ರೈಟ್ ಸಹೋದರರ ಊರು ಎನ್ನುವುದರ ಹೊರತು ನನಗೆ ಬೇರೇನೂ ಗೊತ್ತಿರಲಿಲ್ಲ.

ಸಂಜೆ ಆರೆಗನ್ ಎಂಬ ಹಳೆಯ ಕೇರಿಯಲ್ಲಿ ನಡೆಯುತ್ತಿದ್ದೆವು. ಕೆಂಪು ಇಟ್ಟಿಗೆಯ ಮನೆಗಳು, ಇಳಿಜಾರು ಸೂರು, ಸೂರಿನಡಿ ಅಟ್ಟ. ನನ್ನ ತವರಿನ ಅಟ್ಟದಲ್ಲಿ ಉಪ್ಪಿನಕಾಯಿ ಜಾಡಿ, ತಾಮ್ರದ ಹಂಡೆ, ನಮ್ಮೆಲ್ಲರನ್ನೂ ತೂಗಿದ ತೊಟ್ಟಿಲು ಇರುತ್ತಿದ್ದವು. ಡೇಟನ್ನಿನ ಅಟ್ಟಗಳು ಜೀವ ಉಳಿಸಿವೆ.

1913ರ ಮಾರ್ಚ್ 25ರಂದು ಗ್ರೇಟ್ ಮಯಾಮಿ ನದಿ ಒಡ್ಡು ಒಡೆದು ಊರಿಗೆ ನುಗ್ಗಿತು. ಪೇಟೆಯಲ್ಲಿ ಕೆಲವೆಡೆ 20 ಅಡಿ ನೀರು. ಜನ ಅಟ್ಟ ಹತ್ತಿ ಕುಳಿತರು; ಇನ್ನೊಮ್ಮೆ ಹೀಗಾಗಲು ಬಿಡುವುದಿಲ್ಲ ಎಂದು ಅಲ್ಲೇ ಮಾತು ಕೊಟ್ಟುಕೊಂಡರು. ಅಂಗಡಿಗಳ ಗಲ್ಲಾ ಯಂತ್ರ ತಯಾರಿಸುತ್ತಿದ್ದ ಕಾರ್ಖಾನೆ ಹಗಲಿರುಳು ದೋಣಿ ಕಟ್ಟಿತು. ಆದರೂ ಕಣಿವೆಯಲ್ಲಿ 360ಕ್ಕೂ ಹೆಚ್ಚು ಮಂದಿ ಸತ್ತರು. ರೈಟ್ ಮನೆಯಲ್ಲಿದ್ದ 1903ರ ಮೊದಲ ಹಾರಾಟದ ಗಾಜಿನ ನೆಗೆಟಿವ್ ಕೂಡ ನೀರಿಗೆ ಸಿಕ್ಕಿತು. ಮೂಲೆ ಹಾಳಾಯಿತು, ವಿಮಾನ ಮಾತ್ರ ಉಳಿಯಿತು.

ನೀರು ಇಳಿದ ಮೇಲೆ, 'ಅಟ್ಟದಲ್ಲಿ ಕೊಟ್ಟ ಮಾತು ನೆನಪಿರಲಿ' ಎಂದು ಸಾರಿ ಜನರೇ 20 ಲಕ್ಷ ಡಾಲರಿಗೂ ಹೆಚ್ಚು ಹಣ ಕೂಡಿಸಿದರು. 1922ರ ಹೊತ್ತಿಗೆ ಐದು ಅಣೆಕಟ್ಟುಗಳು ಎದ್ದವು. ಅವುಗಳಲ್ಲಿ ಒಂದಾದ ಎಂಗಲ್‌ವುಡ್ ಅಣೆಕಟ್ಟೆಯ ಮೇಲೆ ಮೊಮ್ಮಗಳನ್ನು ಎತ್ತಿಕೊಂಡು ನಿಂತು, ನೀರೆಲ್ಲಿ ಎಂದು ಹುಡುಕಿದೆ. ಹಿಂದೆ ಬರೀ ಹಸಿರು ಬಯಲು! ತಳದಲ್ಲಿ ಗೇಟಿಲ್ಲದ ಕಂಡಿಗಳಿವೆ. ನದಿ ಎಂದಿನಂತೆ ಹರಿದುಹೋಗುತ್ತದೆ. ಮಳೆ ಮಿತಿಮೀರಿದಾಗ ಕಂಡಿ ಹಿಡಿಸದ ನೀರು ಆ ಬಯಲಿನಲ್ಲಿ ನಿಂತು ನಿಧಾನವಾಗಿ ಇಳಿಯುತ್ತದೆ. ನೂರು ವರ್ಷಗಳಿಂದ ಆ ಬಯಲನ್ನು ನೀರಿಗೆಂದೇ ಬಿಟ್ಟಿದ್ದಾರೆ. ನನ್ನ ಕಣ್ಣು ತುಂಬಿ ಬಂದದ್ದು ಅದಕ್ಕೆ. ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು ದಾಟಿಸುವ ಕೆರೆಗಳ ಸಾಲು ನಮಗೂ ಇತ್ತಲ್ಲ. ನಡುವಿನ ರಾಜಕಾಲುವೆಗಳನ್ನು ನಾವು ನಿವೇಶನ ಮಾಡಿಕೊಂಡೆವು.

2022ರ ಸೆಪ್ಟೆಂಬರಿನಲ್ಲಿ ನಮ್ಮ ಮನೆಯೊಳಗೆ ಮೊಣಕಾಲುದ್ದ ನೀರು ನಿಂತಿತ್ತು. ಆ ರಾತ್ರಿ ಮಹಡಿಯ ಮೆಟ್ಟಿಲ ಮೇಲೆ ಅಕ್ಕಪಕ್ಕದವರೆಲ್ಲ ಕುಳಿತು, ಈ ಸಲ ಕಾಲುವೆ ಬಿಡಿಸಿಯೇ ತೀರೋಣ ಎಂದು ಆಡಿಕೊಂಡೆವು. ಆಮೇಲೆ ಎರಡು ಸಭೆ ನಡೆದವು, ಅಷ್ಟೇ.

ಮೊನ್ನೆ ಬಣ್ಣ ಹೊಡೆಯುವವರು ಬಂದಿದ್ದರು. ಬಾಗಿಲ ಪಕ್ಕದ ಗೋಡೆಯ ಕೆಸರು ಗೆರೆ ತೋರಿಸಿ, "ಅಮ್ಮಾ, ಇದಕ್ಕೆ ಎರಡು ಕೋಟ್ ಬೇಕಾಗುತ್ತದೆ" ಎಂದರು. ಅದೊಂದನ್ನು ಹಾಗೆಯೇ ಬಿಡಿ ಎಂದೆ. ಭಾನುವಾರ ಮೂರನೆಯ ಸಭೆ ನಮ್ಮ ಮನೆಯಲ್ಲೇ ಕರೆದಿದ್ದೇನೆ.